ಮುಖ ಪೇಂಟ್ ಮಾಡೋದು ಕಲಿಯೋಕೆ ಕ್ರಿಟಾ ಸಾಕಾ? ಧಾರಾಳವಾಗಿ ಸಾಕು

ಡಿಜಿಟಲ್ ಆಗಿ ಮುಖ ಪೇಂಟ್ ಮಾಡೋದು ಕಲೀಬೇಕು ಅಂತ ಆಸೆ ಇರೋರು ಎಷ್ಟೋ ಜನ ಪೆನ್ ಕೈಗೆ ತಗೊಳ್ಳೋಕೆ ಮುಂಚೆನೇ ಯಾವ ಸಾಫ್ಟ್‌ವೇರ್ ಅನ್ನೋ ಪ್ರಶ್ನೆಯಲ್ಲೇ ನಿಂತುಬಿಡ್ತಾರೆ. ತಿಂಗಳು ತಿಂಗಳು ದುಡ್ಡು ಕಟ್ಟೋದು ತಗೊಳ್ಳೋದಾ, ಒಂದೇ ಸಲ ಕೊಟ್ಟು ಮುಗಿಸೋದಾ, ಫ್ರೀ ಸಿಗೋದ್ರಲ್ಲಿ ನಿಜವಾಗ್ಲೂ ಒಳ್ಳೆ ಕೆಲಸ ಆಗುತ್ತಾ ಅಂತ ಯೋಚನೆ ಮಾಡ್ತಾ ವಾರಗಟ್ಟಲೆ ವಿಡಿಯೋ ನೋಡ್ತಾ ಕೂರ್ತಾರೆ. ನಾನು ಕ್ರಿಟಾ ಅನ್ನೋ ಫ್ರೀ ಪೇಂಟಿಂಗ್ ಸಾಫ್ಟ್‌ವೇರ್‌ನಲ್ಲೇ ಶುರು ಮಾಡಿದೆ, ಈಗ್ಲೂ ಅದ್ರಲ್ಲೇ ಇದೀನಿ, ಅದಕ್ಕೆ ಈ ರಿವ್ಯೂ. ಆದ್ರೆ ಒಂದು ಮಾತು, ಇದು ಕ್ರಿಟಾದ ಪೂರ್ತಿ ರಿವ್ಯೂ ಅಲ್ಲ. ಅದ್ರಲ್ಲಿ ಅನಿಮೇಶನ್ ಇದೆ, ಕಾಮಿಕ್ಸ್‌ಗೆ ಬೇಕಾದ್ದು ಇದೆ, ಗೇಮ್ ಟೆಕ್ಸ್ಚರ್ ಮಾಡೋರಿಗೆ ಬೇಕಾದ್ದೂ ಇದೆ, ಅದ್ಯಾವುದನ್ನೂ ಇಲ್ಲಿ ಮುಟ್ಟಲ್ಲ. ಹೊಸಬರೊಬ್ಬರು ಮನುಷ್ಯರ ಮುಖ ಪೇಂಟ್ ಮಾಡೋದು ಕಲಿಯೋಕೆ ಇದು ಎಷ್ಟು ಸಹಾಯ ಮಾಡುತ್ತೆ, ಎಲ್ಲಿ ಅಡ್ಡ ಬರುತ್ತೆ, ಅಷ್ಟೇ ವಿಷಯ.

ಗೊತ್ತಿಲ್ದೋರಿಗೆ ಸ್ವಲ್ಪ ಹಿನ್ನೆಲೆ. ಕ್ರಿಟಾ ಓಪನ್ ಸೋರ್ಸ್, ಅಂದ್ರೆ ಅದರ ಕೋಡ್ ಯಾರು ಬೇಕಾದ್ರೂ ನೋಡಿ ಬದಲಾಯಿಸ್ಬಹುದು, ಅದಕ್ಕೆ ಅನುಮತಿ ಕೊಡೋ ಜಿಪಿಎಲ್ ಲೈಸೆನ್ಸ್ ಅಡಿ ಬರುತ್ತೆ, ಇಂಥ ಓಪನ್ ಸೋರ್ಸ್ ಸಾಫ್ಟ್‌ವೇರ್ ಮಾಡೋ ಕೆಡಿಇ ಸಮುದಾಯದ ಪ್ರಾಜೆಕ್ಟ್. ಕೆಲಸ ಶುರುವಾಗಿದ್ದು 1999ರಲ್ಲಿ, ಆಗ ಫೋಟೋ ಎಡಿಟ್ ಮಾಡೋ ಥರದ್ದು ಮಾಡ್ಬೇಕು ಅಂತ ಹೊರಟಿದ್ದು, ಆಮೇಲೆ ಬರ್ತಾ ಬರ್ತಾ ಪೇಂಟಿಂಗ್‌ಗೇ ಅಂತ ನಿಂತಿದ್ದು. 2013ರಲ್ಲಿ ಇದಕ್ಕೆ ಅಂತಾನೇ ನೆದರ್ಲೆಂಡ್ಸ್‌ನಲ್ಲಿ ಒಂದು ಫೌಂಡೇಶನ್ ಆಯ್ತು, ಅದರ 5.0 ವರ್ಷನ್ ಬಂದಿದ್ದು 2021ರ ಡಿಸೆಂಬರ್‌ನಲ್ಲಿ, ಬ್ರಷ್‌ಗಳ ವಿಷಯದಲ್ಲಿ ದೊಡ್ಡ ಬದಲಾವಣೆ ಬಂದಿದ್ದೂ ಅದ್ರಲ್ಲೇ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತೆ. ಸ್ಟೀಮ್, ಮೈಕ್ರೋಸಾಫ್ಟ್ ಸ್ಟೋರ್ ಅಲ್ಲೆಲ್ಲ ದುಡ್ಡಿಗೆ ಇರೋದು ನೋಡಿ ಕೆಲವರು ಕನ್‌ಫ್ಯೂಸ್ ಆಗ್ತಾರೆ, ಆ ದುಡ್ಡು ಪ್ರಾಜೆಕ್ಟ್ ನಡೆಸೋಕೆ ಹೋಗುತ್ತೆ, ಅಪ್‌ಡೇಟ್ ತಾನಾಗೇ ಬರುತ್ತೆ, ಅಷ್ಟೇ. ಅವರದೇ ವೆಬ್‌ಸೈಟಿಂದ ಇಳಿಸ್ಕೊಂಡ್ರೆ ಅದೇ ಸಾಫ್ಟ್‌ವೇರ್ ಪೂರ್ತಿ ಫ್ರೀ. ಲಾಗಿನ್ ಬೇಡ, ವಾಟರ್‌ಮಾರ್ಕ್ ಇಲ್ಲ, ಮೂವತ್ತು ದಿನ ಆದ್ಮೇಲೆ ಮುಚ್ಕೊಳ್ಳೋದೂ ಇಲ್ಲ. ಕಲಿಯೋರಿಗೆ ಇದು ಎಷ್ಟು ದೊಡ್ಡ ವಿಷಯ ಅಂದ್ರೆ, ದುಡ್ಡು ಕಟ್ಟಿದೀನಿ ಬೇಗ ಬೇಗ ಚೆನ್ನಾಗಿ ಬರ್ಬೇಕು ಅನ್ನೋ ಒತ್ತಡ ಇರಲ್ಲ, ನಿಧಾನಕ್ಕೆ ಕೂತು ಮಾಡ್ಬಹುದು.

ಮೌಸ್‌ನಲ್ಲಿ ಮುಖ ಪೇಂಟ್ ಮಾಡೋಕಾಗುತ್ತಾ ಅಂತ ಕೇಳೋರಿಗೆ ನನ್ನ ಉತ್ತರ ಬೇಡ ಅಂತ. ಮುಖದಲ್ಲಿ ಗೆರೆಗಿಂತ ಬಣ್ಣದ ಒತ್ತು ಮುಖ್ಯ, ಎಲ್ಲಿ ಜೋರಾಗಿ ಒತ್ತಿದ್ರಿ ಎಲ್ಲಿ ಸವರಿದ್ರಿ ಅನ್ನೋದ್ರ ಮೇಲೇ ಕೆನ್ನೆ ಉಬ್ಬೋದು, ಕಣ್ಣಿನ ಗುಳಿ ಒಳಗೆ ಹೋಗೋದು. ಮೌಸ್‌ಗೆ ಆ ಪ್ರೆಶರ್ ಗೊತ್ತಾಗಲ್ಲ. ಸ್ಕ್ರೀನ್ ಇಲ್ಲದ ಚಿಕ್ಕ ಪೆನ್ ಟ್ಯಾಬ್ಲೆಟ್ ಆದ್ರೂ ಸಾಕು, ಕೈ ಕೆಳಗೆ ಕಣ್ಣು ಮೇಲೆ ಅನ್ನೋದು ಮೊದಮೊದಲು ವಿಚಿತ್ರ ಅನ್ಸಿದ್ರೂ ಬೇಗ ರೂಢಿ ಆಗುತ್ತೆ. ಟ್ಯಾಬ್ಲೆಟ್ ಹಾಕಿದ್ಮೇಲೆ ಪ್ರೆಶರ್ ಬರ್ತಿಲ್ಲ, ಎಲ್ಲಾ ಒಂದೇ ದಪ್ಪ ಬರ್ತಿದೆ ಅಂದ್ರೆ ಸೆಟ್ಟಿಂಗ್ಸ್‌ನಲ್ಲಿ ಟ್ಯಾಬ್ಲೆಟ್ ಅಂತ ಪುಟ ಇದೆ, ವಿಂಡೋಸ್‌ನಲ್ಲಿ ಅಲ್ಲಿ ವಿನ್‌ಟ್ಯಾಬ್ ಮತ್ತೆ ವಿಂಡೋಸ್ ಇಂಕ್ ಅಂತ ಎರಡು ಆಯ್ಕೆ ಸಿಗುತ್ತೆ, ಒಂದು ಕೆಲಸ ಮಾಡ್ದಿದ್ರೆ ಇನ್ನೊಂದಕ್ಕೆ ಬದಲಾಯಿಸಿ ಕ್ರಿಟಾ ಮುಚ್ಚಿ ತೆಗೀರಿ. ಬಹಳ ಸಲ ಅಷ್ಟಕ್ಕೇ ಸರಿ ಹೋಗುತ್ತೆ. ಅದೇ ಪುಟದಲ್ಲಿ ಪ್ರೆಶರ್ ಕರ್ವ್ ಇದೆ, ಅಂದ್ರೆ ಎಷ್ಟು ಒತ್ತಿದ್ರೆ ಎಷ್ಟು ಪರಿಣಾಮ ಅಂತ ಹೇಳೋ ಗೆರೆ, ಕೈ ಭಾರ ಇರೋರು ಅದನ್ನ ಸ್ವಲ್ಪ ಕೆಳಗೆ ಎಳೀಬೇಕು, ಹಗುರ ಇರೋರು ಮೇಲೆ. ಈ ಒಂದು ಗೆರೆ ಸರಿ ಮಾಡ್ಕೊಳ್ಳದೇ ಬ್ರಷ್ ಸರಿ ಇಲ್ಲ ಅಂತ ಬ್ರಷ್ ಮೇಲೆ ಬ್ರಷ್ ಹುಡುಕೋರು ತುಂಬಾ ಜನ ಇದಾರೆ.

ಬ್ರಷ್ ಅಂದ್ಮೇಲೆ ನನ್ನ ಮುಖ್ಯ ಅಭಿಪ್ರಾಯ ಇಲ್ಲೇ ಹೇಳ್ಬಿಡ್ತೀನಿ. ಕ್ರಿಟಾ ತೆಗೆದ ತಕ್ಷಣ ನೂರಕ್ಕೂ ಜಾಸ್ತಿ ಬ್ರಷ್ ಸಾಲಾಗಿ ನಿಂತಿರುತ್ತೆ, ಒಂದೊಂದಕ್ಕೂ ಚಿಕ್ಕ ಚಿತ್ರ, ಒಂದಕ್ಕಿಂತ ಒಂದು ಚೆಂದ. ಹೆಸರಿನ ಮುಂದೆ ಅಕ್ಷರ ಹಾಕಿ ಗುಂಪು ಮಾಡಿದಾರೆ, ಎ ಅಂದ್ರೆ ಇರೇಸರ್, ಬಿ ಅಂದ್ರೆ ಬೇಸಿಕ್, ಸಿ ಅಂದ್ರೆ ಪೆನ್ಸಿಲ್, ಹೀಗೆ. ಕಲಿಯೋ ದಿನಗಳಲ್ಲಿ ಇಷ್ಟೊಂದು ಬ್ರಷ್ ಇರೋದೇ ತೊಂದರೆ. ಬೇಸಿಕ್-5 ಸೈಜ್ ಒಪಾಸಿಟಿ ಅಂತ ಒಂದು ಬ್ರಷ್ ಇದೆ, ಪೂರ್ತಿ ಗುಂಡಗೆ, ಒತ್ತಿದಷ್ಟು ದಪ್ಪ ಆಗುತ್ತೆ, ಒತ್ತಿದಷ್ಟು ಬಣ್ಣ ಗಟ್ಟಿ ಆಗುತ್ತೆ. ನೋಡೋಕೆ ಏನೂ ವಿಶೇಷ ಇಲ್ಲ, ಆದ್ರೆ ಅದೊಂದರಲ್ಲೇ ಮುಖ ಪೂರ್ತಿ ಮುಗಿಸ್ಬಹುದು, ಕಲಿಯೋರು ಮುಗಿಸ್ಲೇಬೇಕು ಅಂತೀನಿ ನಾನು. ಜೊತೆಗೆ ಕೂದಲಿನ ಗುರುತು ಬಿಡೋ ಒಂದು ಬ್ರಿಸಲ್ ಬ್ರಷ್, ಹಾಕಿರೋ ಬಣ್ಣಗಳನ್ನ ಬೆರೆಸೋ ಒಂದು ಬ್ಲೆಂಡರ್. ಬ್ರಷ್ ಮೇಲೆ ಟ್ಯಾಗ್ ಹಾಕೋ ಸೌಲಭ್ಯ ಇದೆ, ಈ ಮೂರನ್ನ ಒಂದು ಟ್ಯಾಗ್‌ಗೆ ಸೇರಿಸಿ ಅದನ್ನೇ ಆರಿಸಿಟ್ರೆ ಬಾಕಿ ಎಲ್ಲಾ ಕಣ್ಣಿಂದ ಮರೆ ಆಗುತ್ತೆ. ರೈಟ್ ಕ್ಲಿಕ್ ಮಾಡಿದ್ರೆ ಒಂದು ಗುಂಡನೆ ಪಾಪ್ ಅಪ್ ಪ್ಯಾಲೆಟ್ ಬರುತ್ತಲ್ಲ, ಅದೂ ಆ ಟ್ಯಾಗ್‌ನಲ್ಲಿ ಇರೋ ಬ್ರಷ್‌ನ ಮಾತ್ರ ತೋರಿಸೋ ಥರ ಮಾಡ್ಬಹುದು. ಬ್ರಷ್, ಬಣ್ಣದ ಚಕ್ರ, ಈಗಷ್ಟೇ ಬಳಸಿದ ಬಣ್ಣಗಳು ಎಲ್ಲಾ ಪೆನ್ ತುದಿ ಹತ್ರಾನೇ. ಇದನ್ನ ಯೋಚನೆ ಮಾಡಿದೋರಿಗೆ ದೊಡ್ಡ ನಮಸ್ಕಾರ, ಬೇರೆ ಕಡೆ ಇಂಥದ್ದು ಇಷ್ಟು ನೀಟಾಗಿ ನಾನು ನೋಡಿಲ್ಲ.

ಅಂಚೇ ಇಲ್ಲದ ಹಾಗೆ ಮೆತ್ತಗೆ ಬಣ್ಣ ಹರಡೋ ಸಾಫ್ಟ್ ಏರ್‌ಬ್ರಷ್‌ನ ಮಾತ್ರ ಶುರುವಿನಲ್ಲಿ ಮುಟ್ಟಬೇಡಿ. ಹೊಸಬರಿಗೆ ಚರ್ಮ ಅಂದ ತಕ್ಷಣ ನುಣುಪು ಅನ್ನೋದು ತಲೆಗೆ ಬರುತ್ತೆ, ನುಣುಪು ಅಂದ್ರೆ ಏರ್‌ಬ್ರಷ್. ಅದ್ರಲ್ಲಿ ಸವರ್ತಾ ಹೋದ್ರೆ ಮುಖದಲ್ಲಿ ಮೂಳೆ ಇದೆ ಅನ್ನೋದೇ ಮರೆತುಹೋಗುತ್ತೆ, ಹಣೆ ಮುಂಭಾಗ ಎಲ್ಲಿ ಮುಗೀತು ಕಪಾಲದ ಬದಿ ಎಲ್ಲಿ ಶುರುವಾಯ್ತು ಅನ್ನೋ ತಿರುವು ಕಾಣದೇ ಎಲ್ಲಾ ಊದಿದ ಬಲೂನ್ ಥರ ಆಗುತ್ತೆ. ಮುಖ ಅಂದ್ರೆ ತಟ್ಟೆ ತಟ್ಟೆಯಾಗಿ ಕೂಡಿರೋ ಮೇಲ್ಮೈಗಳು, ಹಣೆಗೊಂದು, ಕಣತಲೆಗೊಂದು, ಮೂಗಿನ ಮೇಲಿಗೊಂದು, ಪಕ್ಕಕ್ಕೆರಡು, ಕೆಳಗೊಂದು, ಕೆಳತುಟಿ ಕೆಳಗಿನ ತಗ್ಗಿಗೊಂದು. ಅಸಾರೋ ಹೆಡ್ ಅಂತ ಒಂದು ಮಾದರಿ ತಲೆ ಇದೆ, ಜಾನ್ ಅಸಾರೋ ಅನ್ನೋ ಕಲಾವಿದರು ಮಾಡಿದ್ದು, ಮುಖಾನ ಈ ಥರ ಚಪ್ಪಟೆ ಮೇಲ್ಮೈಗಳಾಗಿ ಒಡೆದು ತೋರಿಸುತ್ತೆ. ಅದರ ಒಂದು ಚಿತ್ರಾನ ರೆಫರೆನ್ಸ್ ಆಗಿ ಇಟ್ಕೊಂಡು ಗುಂಡನೆ ಬ್ರಷ್‌ನಲ್ಲಿ ಗಟ್ಟಿ ಗಟ್ಟಿ ಅಂಚಿನ ತೇಪೆಗಳಾಗಿ ಬಣ್ಣ ಇಟ್ಟರೆ ಕಲಿಯೋದು ಬೇಗ. ನುಣುಪು ಆಮೇಲೆ ಎರಡೇ ಎರಡು ಕಡೆ ಮಾಡಿದ್ರೂ ಸಾಕು.

ರೆಫರೆನ್ಸ್ ಇಡೋಕೆ ಕ್ರಿಟಾದಲ್ಲೇ ಟೂಲ್ ಇದೆ. ಫೋಟೋನ ಎಳೆದು ತಂದು ಕ್ಯಾನ್ವಾಸ್ ಪಕ್ಕದ ಖಾಲಿ ಜಾಗದಲ್ಲಿ ಬಿಟ್ಟರೆ ಅಲ್ಲೇ ಕೂರುತ್ತೆ, ಚಿತ್ರದ ಜೊತೆ ಕ್ರಿಟಾದ ಸ್ವಂತ ಬಗೆಯಾದ ಕೆಆರ್‌ಎ ಫೈಲ್‌ನಲ್ಲಿ ಸೇವ್ ಕೂಡ ಆಗುತ್ತೆ, ಎಕ್ಸ್‌ಪೋರ್ಟ್ ಮಾಡಿದ್ರೆ ಚಿತ್ರದಲ್ಲಿ ಬರಲ್ಲ. ಬೇರೆ ವಿಂಡೋ ತೆಗೆದು ಅದನ್ನ ಇದನ್ನ ಹೊಂದಿಸ್ಕೊಂಡು ಕೂರೋ ಕೆಲಸ ಇಲ್ಲ.

ಕ್ಯಾನ್ವಾಸ್ ಸೈಜ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಎ4 300 ಡಿಪಿಐ ಅಂದ್ರೆ 2480 ಬೈ 3508 ಪಿಕ್ಸೆಲ್, ಅಭ್ಯಾಸಕ್ಕೆ ಅದಕ್ಕಿಂತ ದೊಡ್ಡದು ಏನಕ್ಕೂ ಬೇಕಾಗಿಲ್ಲ. ಅಭ್ಯಾಸದ ಮುಖಕ್ಕೆ ಅದರ ಅರ್ಧ ಇದ್ರೂ ನಡೆಯುತ್ತೆ, ಇನ್ನೂ ಒಳ್ಳೇದು, ಯಾಕಂದ್ರೆ ಚಿಕ್ಕ ಕ್ಯಾನ್ವಾಸ್‌ನಲ್ಲಿ ರೆಪ್ಪೆ ಕೂದಲು ಒಂದೊಂದೇ ಬಿಡಿಸೋಕೆ ಮನಸ್ಸು ಓಡಲ್ಲ.

ಈಗ ನಿಜವಾದ ವಿಷಯಕ್ಕೆ ಬರೋಣ, ವ್ಯಾಲ್ಯೂ. ಅಂದ್ರೆ ಬಣ್ಣ ಬಿಟ್ಟು ಎಷ್ಟು ಬೆಳಕು ಎಷ್ಟು ಕತ್ತಲು ಅನ್ನೋದು. ಮುಖ ಮುಖದ ಥರ ಕಾಣೋದು ಶೇಕಡಾ ಲೆಕ್ಕ ಹಾಕೋಕಾಗಲ್ಲ ಆದ್ರೂ ಬಹುಪಾಲು ಇದರಿಂದಾನೇ. ವ್ಯಾಲ್ಯೂ ಸರಿ ಇದ್ರೆ ಮುಖ ಹಸಿರು ಬಣ್ಣದಲ್ಲಿ ಪೇಂಟ್ ಮಾಡಿದ್ರೂ ಅದೇ ಮನುಷ್ಯ ಅಂತ ಗೊತ್ತಾಗುತ್ತೆ, ವ್ಯಾಲ್ಯೂ ತಪ್ಪಿದ್ರೆ ಚರ್ಮದ ಬಣ್ಣ ಎಷ್ಟೇ ಕರೆಕ್ಟಾಗಿ ಹಿಡಿದ್ರೂ ಮುಖವಾಡ ಆಗುತ್ತೆ. ಅದಕ್ಕೆ ಮೊದಲ ಕೆಲವು ಮುಖಗಳನ್ನ ಬರೀ ಬೂದು ಬಣ್ಣದಲ್ಲಿ ಮಾಡಿ, ಅದೂ ಮೂರೇ ಮೂರು: ಬೆಳಕಿಗೊಂದು, ನೆರಳಿಗೊಂದು, ತೀರಾ ಕತ್ತಲಿಗೊಂದು. ಬೆಳಕು ಒಂದೇ ಕಡೆಯಿಂದ ಬರೋ ಫೋಟೋ ಆರಿಸ್ಕೊಳ್ಳಿ, ಫ್ಲಾಶ್ ಹೊಡೆದ ಫೋಟೋ ಬೇಡ, ಅದ್ರಲ್ಲಿ ನೆರಳೇ ಇರಲ್ಲ. ಕಣ್ಣು ಅರ್ಧ ಮುಚ್ಚಿ ನೋಡಿದ್ರೆ ಕಣ್ಣಿನ ಗುಳಿ, ಮೂಗಿನ ನೆರಳು, ಮೇಲ್ತುಟಿ, ಗದ್ದದ ಕೆಳಗೆ ಇವೆಲ್ಲ ಒಂದಕ್ಕೊಂದು ಸೇರ್ಕೊಂಡು ಒಂದೇ ಆಕಾರ ಆಗೋದು ಕಾಣುತ್ತೆ, ಆ ಒಂದು ಆಕಾರಾನ ಮೊದಲು ಹಾಕ್ಬೇಕು, ಕಣ್ಣು ಮೂಗು ಅಂತ ಬಿಡಿ ಬಿಡಿಯಾಗಿ ಅಲ್ಲ.

ಇಲ್ಲಿ ಕ್ರಿಟಾ ಹೇಗೆ ಸಹಾಯ ಮಾಡುತ್ತೆ ಅಂದ್ರೆ, ಬಣ್ಣದಲ್ಲಿ ಕೆಲಸ ಮಾಡೋವಾಗ ಎಲ್ಲಕ್ಕಿಂತ ಮೇಲೆ ಒಂದು ಫಿಲ್ ಲೇಯರ್ (ಒಂದರ ಮೇಲೊಂದು ಇಡೋ ಹಾಳೆಗಳ ಥರದ್ದು ಲೇಯರ್, ಇದು ಒಂದೇ ಬಣ್ಣ ತುಂಬಿದ್ದು) ಹಾಕಿ ಕಪ್ಪು ತುಂಬಿ ಅದರ ಬ್ಲೆಂಡಿಂಗ್ ಮೋಡ್, ಅಂದ್ರೆ ಅದು ಕೆಳಗಿನ ಬಣ್ಣದ ಜೊತೆ ಸೇರೋ ರೀತಿ, ಕಲರ್ ಅಂತ ಇಟ್ಟುಬಿಡಿ. ಆ ಲೇಯರ್‌ನ ಕಣ್ಣಿನ ಗುರುತು ಒತ್ತಿದ್ರೆ ಚಿತ್ರ ಕಪ್ಪು ಬಿಳುಪು, ಮತ್ತೆ ಒತ್ತಿದ್ರೆ ಬಣ್ಣ. ಐದೈದು ನಿಮಿಷಕ್ಕೆ ಒಂದ್ಸಲ ಒತ್ತಿ ನೋಡೋ ಅಭ್ಯಾಸ ಇಟ್ಕೊಂಡ್ರೆ ಕೆನ್ನೆಗೆ ಕೆಂಪು ಹಾಕೋ ಹುಮ್ಮಸ್ಸಲ್ಲಿ ಕೆನ್ನೆ ನೆರಳಿಗಿಂತ ಕಪ್ಪಾಗಿದ್ದು, ಕಣ್ಣಿನ ಬಿಳಿ ಹಣೆಗಿಂತ ಬೆಳ್ಳಗಾಗಿದ್ದು ತಕ್ಷಣ ಸಿಕ್ಕಿಬೀಳುತ್ತೆ. ಇನ್ನೊಂದು ವಿಷಯ, ಅಡ್ವಾನ್ಸ್‌ಡ್ ಕಲರ್ ಸೆಲೆಕ್ಟರ್‌ನ ಸೆಟ್ಟಿಂಗ್‌ಗೆ ಹೋದ್ರೆ ಎಚ್‌ಎಸ್‌ವಿ ಬದಲು ಎಚ್‌ಎಸ್‌ವೈ ಅಂತ ಇಡಬಹುದು. ಎರಡೂ ಒಂದು ಬಣ್ಣಾನ ಯಾವ ಬಣ್ಣ, ಎಷ್ಟು ಗಾಢ, ಎಷ್ಟು ಬೆಳಕು ಅಂತ ಮೂರು ಅಳತೆಯಲ್ಲಿ ಹೇಳೋ ಲೆಕ್ಕಗಳು. ಎಚ್‌ಎಸ್‌ವಿಯಲ್ಲಿ ಹಳದಿನೂ ನೀಲಿನೂ ಪೂರ್ತಿ ಪ್ರಖರ ಅಂತಾನೇ ಲೆಕ್ಕ, ಆದ್ರೆ ನಮ್ಮ ಕಣ್ಣಿಗೆ ಹಳದಿ ತುಂಬಾ ಬೆಳಕು ನೀಲಿ ತುಂಬಾ ಕತ್ತಲು. ಎಚ್‌ಎಸ್‌ವೈ ಕಣ್ಣಿಗೆ ಕಾಣೋ ಬೆಳಕಿನ ಲೆಕ್ಕದಲ್ಲಿ ಹೋಗುತ್ತೆ, ಬಣ್ಣ ಬದಲಾಯಿಸಿದ್ರೂ ವ್ಯಾಲ್ಯೂ ಅಷ್ಟೇ ಇರುತ್ತೆ. ಮುಖಕ್ಕೆ ಇದು ವರದಾನ, ಯಾಕೋ ಇದರ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ.

ಅಳತೆ ವಿಷಯ ಬೇಗ ಹೇಳಿ ಮುಂದೆ ಹೋಗ್ತೀನಿ, ಇದು ಎಲ್ಲಾ ಕಡೆ ಸಿಗುತ್ತೆ. ನೆತ್ತಿಯಿಂದ ಗದ್ದದವರೆಗೆ ಅಳೆದ್ರೆ ಕಣ್ಣು ಹೆಚ್ಚುಕಮ್ಮಿ ನಡುವಿನಲ್ಲಿ ಬರುತ್ತೆ, ಹೊಸಬರು ಹಣೆ ಚಿಕ್ಕದು ಮಾಡಿ ಕಣ್ಣನ್ನ ಮೇಲೆ ಇಡ್ತಾರೆ, ಯಾಕಂದ್ರೆ ಮುಖ ಅಂದ್ರೆ ಕಣ್ಣು ಮೂಗು ಬಾಯಿ ಅಂತ ಮನಸ್ಸು ಹೇಳುತ್ತೆ, ತಲೆಬುರುಡೆ ಲೆಕ್ಕಕ್ಕೇ ಬರಲ್ಲ. ಎದುರಿಂದ ನೋಡಿದ್ರೆ ತಲೆ ಅಗಲ ಸುಮಾರು ಐದು ಕಣ್ಣಷ್ಟು, ಎರಡು ಕಣ್ಣಿನ ಮಧ್ಯೆ ಒಂದು ಕಣ್ಣಿನ ಜಾಗ, ಕಿವಿ ಹುಬ್ಬಿಂದ ಮೂಗಿನ ಬುಡದವರೆಗೆ. ಲೂಮಿಸ್ ಪದ್ಧತಿ ಅಂತಾರಲ್ಲ, ಗೋಲ ಹಾಕಿ ಬದಿ ಕತ್ತರಿಸಿ ದವಡೆ ಸೇರಿಸೋದು, ತಿರುಗಿದ ತಲೆಗೆ ಅದು ತುಂಬಾ ಉಪಯೋಗ. ಕ್ರಿಟಾದ ಅಸಿಸ್ಟೆಂಟ್ ಟೂಲ್‌ನಲ್ಲಿ ದೀರ್ಘವೃತ್ತ ಹಾಕಿಟ್ಕೊಂಡು ಅದರ ಮೇಲೆ ಗೆರೆ ಕೂರಿಸ್ಬಹುದು, ಆದ್ರೆ ಅದಿಲ್ಲದೇ ಕೈಯಲ್ಲೇ ಗೋಲ ಹಾಕೋದು ರೂಢಿ ಮಾಡ್ಕೊಳ್ಳೋದು ವಾಸಿ.

ಎಂ ಕೀ ಬಗ್ಗೆ ಮಾತ್ರ ಬಿಡಿಸಿ ಹೇಳ್ಬೇಕು. ಅದನ್ನ ಒತ್ತಿದ್ರೆ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗುತ್ತೆ. ತಿರುಗೋದು ನೋಟ ಮಾತ್ರ, ಚಿತ್ರ ಅಲ್ಲ, ಹಾಗಾಗಿ ತಡ ಆಗಲ್ಲ, ಫೈಲ್ ಬದಲಾಗಲ್ಲ, ಅಂಡೂ ಲಿಸ್ಟ್‌ನಲ್ಲೂ ಸೇರಲ್ಲ. ಒಂದೇ ಮುಖಾನ ಅರ್ಧ ಗಂಟೆ ನೋಡ್ತಾ ಇದ್ರೆ ಕಣ್ಣು ಅದರ ಸೊಟ್ಟಕ್ಕೆ ಒಗ್ಗಿಹೋಗುತ್ತೆ, ಎಡಗಣ್ಣು ಜಾರಿದೆ, ಬಾಯಿ ಓರೆ ಆಗಿದೆ, ದವಡೆ ಒಂದು ಕಡೆ ಜಾಸ್ತಿ ಇದೆ ಅನ್ನೋದು ಕಾಣೋದೇ ಇಲ್ಲ. ಎಂ ಒತ್ತಿದ ಆ ಕ್ಷಣಕ್ಕೆ ಹೊಸ ಮುಖ ನೋಡಿದ ಹಾಗಾಗಿ ಎಲ್ಲಾ ಕಣ್ಣಿಗೆ ಹೊಡೆಯುತ್ತೆ. ಸರಿ ಮಾಡೋಕೆ ಕಂಟ್ರೋಲ್ ಟಿ ಒತ್ತಿ ಟ್ರಾನ್ಸ್‌ಫಾರ್ಮ್ ಒಳಗೆ ಲಿಕ್ವಿಫೈ ಅಂತ ಇದೆ, ಬೇರೆ ಕಡೆ ಫಿಲ್ಟರ್‌ನಲ್ಲಿ ಹುಡುಕಿ ರೂಢಿ ಇರೋರಿಗೆ ಇದು ಬೇಗ ಸಿಗಲ್ಲ. ಅದ್ರಲ್ಲಿ ಕಣ್ಣನ್ನ ಸ್ವಲ್ಪ ಮೇಲೆ ತಳ್ಳಿ, ದವಡೆ ಒಳಗೆ ಒತ್ತಿ ಸರಿ ಮಾಡ್ಬಹುದು, ಆಮೇಲೆ ಅದರ ಮೇಲೆ ಬ್ರಷ್ ಆಡಿಸಿ, ಇಲ್ದಿದ್ರೆ ಎಳೆದ ಜಾಗ ಮಸುಕಾಗಿ ಉಳಿಯುತ್ತೆ.

ಬಣ್ಣಕ್ಕೆ ಬಂದ್ರೆ ಕ್ರಿಟಾದ ಅತಿ ದೊಡ್ಡ ಸುಖ ಕಂಟ್ರೋಲ್ ಕೀ. ಬ್ರಷ್ ಹಿಡಿದಿದ್ದಂಗೇ ಕಂಟ್ರೋಲ್ ಒತ್ತಿ ಕ್ಯಾನ್ವಾಸ್ ಮೇಲೆ ಮುಟ್ಟಿದ್ರೆ ಆ ಬಣ್ಣ ಕೈಗೆ ಬಂತು. ಚರ್ಮದ ಬಣ್ಣ ಮಿಕ್ಸ್ ಮಾಡೋದು ಕಲಿಯೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಬೆಳಕಿನ ಬಣ್ಣ ಪಕ್ಕ ನೆರಳಿನ ಬಣ್ಣ ಇಡಿ, ಗಡಿಯಲ್ಲಿ ಹಗುರವಾಗಿ ಒತ್ತಿ ಒಂದರ ಮೇಲೆ ಇನ್ನೊಂದು ಎಳೀರಿ, ಮಧ್ಯದಲ್ಲೊಂದು ಹೊಸ ಬಣ್ಣ ಹುಟ್ಟುತ್ತೆ, ಕಂಟ್ರೋಲ್ ಒತ್ತಿ ಅದನ್ನ ತಗೊಳ್ಳಿ, ಗಡಿ ಮೇಲೆ ಇಡಿ, ಮತ್ತೆ ಅದರ ಅಕ್ಕಪಕ್ಕ ಹಾಗೇ ಮಾಡಿ. ಬ್ಲೆಂಡರ್ ಮುಟ್ಟದೇ ಕೆನ್ನೆ ಗುಂಡಗೆ ಕಾಣುತ್ತೆ, ಬ್ರಷ್ ಗುರುತೂ ಉಳಿಯುತ್ತೆ, ಜೀವ ಇರುತ್ತೆ. ಒಂದು ಎಚ್ಚರ ಮಾತ್ರ, ಬರೀ ಹೀಗೇ ಮಿಕ್ಸ್ ಮಾಡ್ತಾ ಹೋದ್ರೆ ಬಣ್ಣ ಮಣ್ಣಾಗುತ್ತೆ. ಬೆಳಕು ಮುಗಿದು ನೆರಳು ಶುರುವಾಗೋ ಗಡಿಯಲ್ಲಿ ಚರ್ಮ ಬೂದಾಗಲ್ಲ, ಇನ್ನೂ ಕೆಂಪಾಗುತ್ತೆ, ಯಾಕಂದ್ರೆ ಬೆಳಕು ಚರ್ಮದೊಳಗೆ ಸ್ವಲ್ಪ ಹೊಕ್ಕು ಚದುರಿ ಆಚೆ ಬರುತ್ತೆ, ರಕ್ತದ ಕೆಂಪು ಹೊತ್ಕೊಂಡು. ಕಿವಿ ಹಿಂದೆ ಬೆಳಕಿದ್ದಾಗ ಕಿವಿ ಕೆಂಪಗೆ ಹೊಳೆಯೋದೂ ಇದೇ ಕಾರಣಕ್ಕೆ. ಹಾಗಾಗಿ ಗಡಿ ಬಣ್ಣ ತಗೊಂಡ ಮೇಲೆ ಚಕ್ರದಲ್ಲಿ ಒಂದಿಷ್ಟು ಕೆಂಪಿನ ಕಡೆ, ಒಂದಿಷ್ಟು ಗಾಢದ ಕಡೆ ಸರಿಸಿ ಆಮೇಲೆ ಇಡಿ. ಇಷ್ಟೇ ಇಷ್ಟು ಬದಲಾವಣೆಗೆ ಮುಖಕ್ಕೆ ರಕ್ತ ಬಂದ ಹಾಗಾಗುತ್ತೆ, ನಂಬೋಕೆ ಕಷ್ಟ, ಮಾಡಿ ನೋಡಿ.

ಮುಖದಲ್ಲಿ ಬಣ್ಣ ಮೂರು ಪಟ್ಟಿಯಾಗಿ ಬದಲಾಗುತ್ತೆ ಅನ್ನೋ ಹಳೇ ಪಾಠಾನೂ ಇಲ್ಲಿ ಪ್ರಯೋಗ ಮಾಡ್ಬಹುದು. ಹಣೆ ಸ್ವಲ್ಪ ಹಳದಿ ಕಡೆ, ಕೆನ್ನೆ ಮೂಗು ಕಿವಿ ಇರೋ ನಡುಭಾಗ ಕೆಂಪು ಕಡೆ, ದವಡೆ ಗದ್ದ ತಂಪು ಬೂದು ಕಡೆ, ಗಡ್ಡ ಬೋಳಿಸಿದ ಗಂಡಸರಲ್ಲಿ ಇದು ಎದ್ದು ಕಾಣುತ್ತೆ. ಕಪ್ಪು ಕಂದು ಮೈಬಣ್ಣದಲ್ಲಿ ಈ ವ್ಯತ್ಯಾಸ ಇನ್ನೂ ಸೂಕ್ಷ್ಮ, ಅಲ್ಲಿ ಎದ್ದು ಕಾಣೋದು ಹೊಳಪು. ಚರ್ಮದ ಮೇಲಿನ ಎಣ್ಣೆ ಪಸೆಯಿಂದ ಬರೋ ಹೊಳಪು ಎಲ್ಲಾ ಬಣ್ಣದ ಚರ್ಮದಲ್ಲೂ ಇರುತ್ತೆ, ಆದ್ರೆ ಗಾಢ ಬಣ್ಣದ ಪಕ್ಕ ಅದು ತೀಕ್ಷ್ಣವಾಗಿ ಕಾಣುತ್ತೆ, ಅದರ ಬಣ್ಣ ಚರ್ಮದ್ದಲ್ಲ, ಬೆಳಕಿನದು, ಕಿಟಕಿ ಬೆಳಕಾದ್ರೆ ತುಸು ನೀಲಿ. ಇಂಟರ್ನೆಟ್‌ನಲ್ಲಿ ಸಿಗೋ ರೆಡಿಮೇಡ್ ಸ್ಕಿನ್ ಪ್ಯಾಲೆಟ್‌ಗಳು ಬಹಳಷ್ಟು ತಿಳಿ ಗುಲಾಬಿಗೇ ಮಾಡಿರೋದು, ಅದಕ್ಕೆ ಕಪ್ಪು ಸೇರಿಸಿ ಕಂದು ಮಾಡೋಕೆ ಹೋದ್ರೆ ಬೂದಿ ಬಳಿದ ಹಾಗೆ ಬರುತ್ತೆ. ಅದರ ಬದಲು ಕೇಸರಿ ಕಡೆಯ ಕಂದು ಒಂದನ್ನ ನೀವೇ ಆರಿಸಿ ಶುರು ಮಾಡಿ, ನೆರಳಿಗೆ ಹೋಗ್ತಾ ಕೆಂಪಿನ ಕಡೆ ಜಾರಿಸಿ.

ಎಷ್ಟು ಬಣ್ಣ ಬೇಕು ಅಂತ ಕೇಳಿದ್ರೆ, ತುಂಬಾ ಕಮ್ಮಿ. ಸ್ವೀಡನ್ನಿನ ಕಲಾವಿದ ಆಂಡರ್ಸ್ ಜೋರ್ನ್ (1860–1920) ಹೆಸರಲ್ಲಿ ಒಂದು ಪ್ಯಾಲೆಟ್ ಪ್ರಸಿದ್ಧ, ಬಿಳಿ, ಹಳದಿ ಓಕರ್, ವರ್ಮಿಲಿಯನ್ ಕೆಂಪು, ಕಪ್ಪು, ನಾಲ್ಕೇ. ಅದ್ರಲ್ಲಿ ನೀಲಿ ಇಲ್ಲ, ಆದ್ರೂ ಕಪ್ಪು ಬಿಳಿ ಸೇರಿದ ಬೂದು ಬಿಸಿ ಬಣ್ಣಗಳ ಪಕ್ಕ ಕೂತಾಗ ನೀಲಿ ಥರಾನೇ ಕಾಣುತ್ತೆ. ಕ್ರಿಟಾದಲ್ಲಿ ಈ ನಾಲ್ಕನ್ನ ಮೂಲೆಯಲ್ಲಿ ಚುಕ್ಕಿ ಇಟ್ಕೊಂಡು ಒಂದು ಮುಖ ಮುಗಿಸಿ ನೋಡಿ. ನಿಜವಾದ ಪೇಂಟ್ ಥರ ಮಿಕ್ಸ್ ಆಗಲ್ಲ ಅನ್ನೋದು ಗೊತ್ತಿರಲಿ, ಡಬ್ಬಿ ಬಣ್ಣದಲ್ಲಿ ಹಳದಿಗೆ ಕಪ್ಪು ಹಾಕಿದ್ರೆ ಸ್ಪಷ್ಟವಾಗಿ ಹಸಿರು ಬರುತ್ತೆ, ಸ್ಕ್ರೀನ್ ಮೇಲೆ ಆರ್‌ಜಿಬಿ ಲೆಕ್ಕ ಬೇರೆ, ಮಂಕು ಹಳದಿ ಅಷ್ಟೇ ಬರುತ್ತೆ. ಆದ್ರೂ ಬಣ್ಣದ ಹುಡುಕಾಟ ನಿಂತು ಬೆಳಕು ನೆರಳಿನ ಕಡೆ ಗಮನ ಹೋಗೋದೇ ಲಾಭ.

ಈಗ ಒಂದು ಕಣ್ಣು. ಹೊಸಬರು ಮೊದಲು ಕೂರೋದೇ ಇಲ್ಲಿ, ಅದಕ್ಕೆ ನಿಧಾನಕ್ಕೆ ಹೇಳ್ತೀನಿ. ಮೊದಲು ಕಣ್ಣಿನ ಗುಳಿ ಪೂರ್ತಿ ನೆರಳಿನ ಬಣ್ಣದಲ್ಲಿ ತುಂಬಿ, ಹುಬ್ಬಿನ ಮೂಳೆ ಕೆಳಗಿಂದ ಮೂಗಿನ ಪಕ್ಕದವರೆಗೆ, ದೊಡ್ಡ ಬ್ರಷ್‌ನಲ್ಲೇ. ಅದರೊಳಗೆ ಒಂದು ಗೋಲಿ ಕೂತಿದೆ ಅಂದ್ಕೊಳ್ಳಿ, ರೆಪ್ಪೆ ಅನ್ನೋದು ಆ ಗೋಲಿ ಮೇಲೆ ಹೊದಿಸಿದ ಚರ್ಮ, ಹಾಗಾಗಿ ಮೇಲ್ರೆಪ್ಪೆಯ ಉಬ್ಬಿನ ಮೇಲೆ ಒಂದು ತೇಪೆ ಬೆಳಕು ಬೀಳುತ್ತೆ. ಬಿಳಿಗುಡ್ಡೆಗೆ ಬಿಳಿ ಬೇಡವೇ ಬೇಡ, ಹಣೆ ಬಣ್ಣಕ್ಕಿಂತ ಕಪ್ಪಾದ ಒಂದು ಬೂದು ಸಾಕು, ಮೇಲ್ರೆಪ್ಪೆ ನೆರಳು ಅದರ ಮೇಲೆ ಬೀಳೋ ಜಾಗದಲ್ಲಿ ಇನ್ನೂ ಕಪ್ಪು. ಕರಿಗುಡ್ಡೆ ಮೇಲ್ಭಾಗ ಆ ನೆರಳಲ್ಲೇ ಇರುತ್ತೆ, ಬೆಳಕು ಮೇಲೆ ಎಡದಿಂದ ಒಳಗೆ ಬಂದ್ರೆ ಕೆಳಗೆ ಬಲಕ್ಕೆ ಬಣ್ಣ ಅರಳುತ್ತೆ. ಕೆಳರೆಪ್ಪೆಗೆ ದಪ್ಪ ಇದೆ ಅನ್ನೋದನ್ನ ಬಹಳ ಜನ ಬಿಟ್ಟೇ ಬಿಡ್ತಾರೆ, ಗುಡ್ಡೆಗೂ ರೆಪ್ಪೆಕೂದಲಿಗೂ ಮಧ್ಯೆ ಒಂದು ಸಣ್ಣ ಒದ್ದೆ ಅಂಚು, ಬೆಳಕು ಹಿಡಿಯೋದು, ಅದೊಂದು ಗೆರೆ ಇಟ್ಟ ತಕ್ಷಣ ಕಣ್ಣು ಮುಖಕ್ಕೆ ಅಂಟಿಸಿದ ಸ್ಟಿಕ್ಕರ್ ಆಗಿರೋದು ನಿಲ್ಲುತ್ತೆ. ಮೂಗಿನ ಪಕ್ಕದ ಮೂಲೆಗೆ ಒಂದು ಚುಕ್ಕಿ ಕೆಂಪು. ಎಲ್ಲಾ ಆದ್ಮೇಲೆ ಕೊನೆಗೆ ಹೊಳಪಿನ ಚುಕ್ಕಿ, ಗಟ್ಟಿ ಅಂಚಿಂದು, ಒಂದೇ ಒಂದು ಸಲ. ರೆಪ್ಪೆಕೂದಲನ್ನ ಗೆರೆ ಗೆರೆ ಎಳೆಯೋ ಬದಲು ಒಂದು ಕಪ್ಪು ತೇಪೆಯಾಗಿ ಇಟ್ಟು ಅಂಚಲ್ಲಿ ಎರಡು ಮೂರು ಕಡೆ ಬ್ರಷ್ ಆಚೆ ಎಳೆದ್ರೆ ಸಾಕು. ಈ ಪೂರ್ತಿ ಕೆಲಸಕ್ಕೆ ಒಂದೇ ಬ್ರಷ್, ಶಿಫ್ಟ್ ಒತ್ತಿ ಎಳೆದು ಸೈಜ್ ಬದಲಾಯಿಸ್ತಾ ಹೋಗಿ. ಲೇಯರ್ ಕೂಡ ಒಂದೇ.

ಅಂಚುಗಳ ವಿಷಯದಲ್ಲಿ ಕ್ರಿಟಾದ ಕಲರ್ ಸ್ಮಜ್ ಎಂಜಿನ್, ಅಂದ್ರೆ ಕ್ಯಾನ್ವಾಸ್ ಮೇಲಿರೋ ಬಣ್ಣಾನ ಎಳೆದು ಬೆರೆಸೋ ಬ್ರಷ್ ಬಗೆ, ತುಂಬಾ ಇಷ್ಟ ನಂಗೆ. ಅದ್ರಲ್ಲಿ ಎರಡು ರೀತಿ ಇದೆ, ಸ್ಮಿಯರಿಂಗ್ ಅಂದ್ರೆ ಕೆಳಗಿರೋ ಬಣ್ಣಾನ ಗುರುತು ಸಮೇತ ಎಳ್ಕೊಂಡು ಹೋಗೋದು, ಡಲ್ಲಿಂಗ್ ಅಂದ್ರೆ ಕೆಳಗಿರೋ ಬಣ್ಣ ತಗೊಂಡು ಅದನ್ನ ಬೆರೆಸ್ತಾ ಹೋಗೋದು. ಮೂಗಿನ ನೆರಳು ಕೆನ್ನೆ ಮೇಲೆ ಬೀಳುತ್ತಲ್ಲ, ಮೂಗಿನ ಬುಡದ ಹತ್ರ ಅದರ ಅಂಚು ಗಟ್ಟಿ, ದೂರ ಹೋಗ್ತಾ ಮೆತ್ತಗೆ. ಕೆನ್ನೆಮೂಳೆ ತಿರುವು ಮೆತ್ತಗೆ, ತುಟಿಗಳ ಮಧ್ಯದ ಗೆರೆ ಕೆಲವು ಕಡೆ ಮಾತ್ರ ಗಟ್ಟಿ, ಕೂದಲು ಹಣೆಗೆ ಸೇರೋ ಜಾಗದಲ್ಲಿ ಅಂಚೇ ಇರಲ್ಲ. ಇದನ್ನ ಪೂರ್ತಿ ಮುಖಕ್ಕೆ ಒಂದೇ ಸಲ ಬ್ಲೆಂಡರ್ ಆಡಿಸಿ ಮಾಡೋಕಾಗಲ್ಲ, ಅಂಚು ಅಂಚಿಗೂ ಯೋಚನೆ ಮಾಡಿ ಮಾಡ್ಬೇಕು. ಕೆನ್ನೆ ತುಂಬಾ ನುಣುಪಾಗಿ ಮಾಡಿದಾಗ ಪಟ್ಟೆ ಪಟ್ಟೆ ಕಾಣ್ತಿದೆ ಅಂದ್ರೆ ಫೈಲ್ ಮಾಡೋವಾಗ 8 ಬಿಟ್ ಬದಲು 16 ಬಿಟ್ ಆರಿಸ್ಕೊಳ್ಳಿ, ಬಣ್ಣದಿಂದ ಬಣ್ಣಕ್ಕೆ ಇರೋ ಮೆಟ್ಟಿಲು ಇನ್ನೂ ಸಣ್ಣ ಆಗುತ್ತೆ, ಮೆಮೊರಿ ಜಾಸ್ತಿ ತಿನ್ನುತ್ತೆ, ಆದ್ರೆ ಪಟ್ಟೆ ಕಮ್ಮಿ ಆಗುತ್ತೆ.

ಇನ್ನು ಕೊರತೆಗಳು. ದೊಡ್ಡ ಕ್ಯಾನ್ವಾಸ್ ಮೇಲೆ ದೊಡ್ಡ ಬ್ರಷ್, ಅದ್ರಲ್ಲೂ ಸ್ಮಜ್ ಬ್ರಷ್ ಹಿಡಿದ್ರೆ ಸಾಧಾರಣ ಕಂಪ್ಯೂಟರ್‌ನಲ್ಲಿ ಗೆರೆ ಕೈ ಹಿಂದೆ ನಿಧಾನಕ್ಕೆ ಬರುತ್ತೆ. ವ್ಯೂ ಮೆನುವಿನಲ್ಲಿ ಇನ್‌ಸ್ಟಂಟ್ ಪ್ರಿವ್ಯೂ ಮೋಡ್ ಆನ್ ಮಾಡಿದ್ರೆ ಸ್ವಲ್ಪ ವಾಸಿ, ಪೂರ್ತಿ ಹೋಗಲ್ಲ. ಕ್ಲಿಪ್ಪಿಂಗ್ ಮಾಸ್ಕ್ (ಮೇಲಿನ ಲೇಯರ್ ಬಣ್ಣ ಕೆಳಗಿನ ಲೇಯರ್‌ನ ಆಕಾರ ದಾಟದ ಹಾಗೆ ತಡೆಯೋದು) ರೂಢಿ ಇರೋರಿಗೆ ಇಲ್ಲಿ ಇನ್‌ಹೆರಿಟ್ ಆಲ್ಫಾ ಅಂತ ಬೇರೆ ಲೆಕ್ಕ, ಎರಡು ಲೇಯರ್‌ನೂ ಒಂದು ಗುಂಪಿನಲ್ಲಿ ಇಡದೇ ಆನ್ ಮಾಡಿದ್ರೆ ಕೆಳಗಿನ ಬಿಳಿ ಬ್ಯಾಕ್‌ಗ್ರೌಂಡ್ ಸೇರಿ ಎಲ್ಲಾ ಲೆಕ್ಕಕ್ಕೆ ಬಂದು ಏನೂ ಆಗಿಲ್ಲ ಅನ್ಸುತ್ತೆ. ಕ್ವಿಕ್ ಕ್ಲಿಪ್ಪಿಂಗ್ ಗ್ರೂಪ್ ಅಂತ ಒಂದು ಆಯ್ಕೆ ಇದೆ, ಗುಂಪು ತಾನೇ ಮಾಡ್ಕೊಡುತ್ತೆ, ಆದ್ರೆ ಅದು ಮೆನು ಒಳಗೆಲ್ಲೋ ಹುದುಗಿರುತ್ತೆ, ಹೊಸಬರಿಗೆ ಹೇಳೋರು ಯಾರು? ಬ್ರಷ್ ಎಡಿಟರ್ ತೆಗೆದ್ರೆ ಆಯ್ಕೆಗಳ ಕಾಡು. ಫ್ಲೋ (ಬ್ರಷ್‌ನ ಒಂದೊಂದು ಅಚ್ಚಲ್ಲಿ ಬೀಳೋ ಬಣ್ಣ) ಮತ್ತೆ ಒಪಾಸಿಟಿ (ಪೂರ್ತಿ ಎಳೆದ ಗೆರೆ ಎಷ್ಟು ಗಟ್ಟಿ) ವ್ಯತ್ಯಾಸ, ವಾಶ್ ಮತ್ತೆ ಬಿಲ್ಡ್ ಅಪ್ ವ್ಯತ್ಯಾಸ, ಇವೆರಡು ಗೊತ್ತಾದ್ರೆ ಮುಖಕ್ಕೆ ಸಾಕು. ವಾಶ್‌ನಲ್ಲಿ ಒಂದೇ ಸಲ ಪೆನ್ ಎತ್ತದೇ ಎಷ್ಟು ಸಲ ಉಜ್ಜಿದ್ರೂ ಬಣ್ಣ ಒಂದು ಮಿತಿ ದಾಟಲ್ಲ, ಬಿಲ್ಡ್ ಅಪ್‌ನಲ್ಲಿ ಉಜ್ಜಿದಷ್ಟೂ ಗಟ್ಟಿ ಆಗುತ್ತೆ. ಬಾಕಿ ಎಲ್ಲಾ ಬಿಟ್ಟುಬಿಡಿ.

ಕ್ರಿಟಾ ಯಾವುದನ್ನೂ ಕಲಿಸಲ್ಲ, ಮುಖದ ಬಗ್ಗೆ ಒಂದಕ್ಷರಾನೂ ಹೇಳಲ್ಲ, ಅದರ ಮ್ಯಾನ್ಯುಯಲ್ ಚೆನ್ನಾಗಿದೆ ಆದ್ರೆ ಅದು ಟೂಲ್‌ಗಳ ಬಗ್ಗೆ. ಪಾಠ ಬೇರೆ ಕಡೆಯಿಂದ ತರ್ಬೇಕು. ಕಲಿಕೆಗೆ ಅದರೊಳಗೇ ಇರೋ ಒಳ್ಳೆ ಸಾಧನ ಅಂದ್ರೆ ರೆಕಾರ್ಡರ್ ಡಾಕರ್ (ಡಾಕರ್ ಅಂದ್ರೆ ಪಕ್ಕದಲ್ಲಿ ಕೂರೋ ಚಿಕ್ಕ ಪ್ಯಾನೆಲ್), 5.0ರಲ್ಲಿ ಬಂದಿದ್ದು. ಆನ್ ಮಾಡಿಟ್ಟು ಪೇಂಟ್ ಮಾಡಿದ್ರೆ ಕೊನೆಗೆ ಟೈಮ್‌ಲ್ಯಾಪ್ಸ್ ವಿಡಿಯೋ ಮಾಡ್ಕೊಡುತ್ತೆ. ಜನ ಇದನ್ನ ಇಂಟರ್ನೆಟ್‌ನಲ್ಲಿ ಹಾಕೋಕೆ ಅಂತ ಬಳಸ್ತಾರೆ, ನಾನು ಹೇಳೋದು ನೀವೇ ಕೂತು ನೋಡಿ. ಮುಖ ಚೆನ್ನಾಗಿ ಬರ್ತಾ ಇದ್ದಿದ್ದು ಯಾವ ಹೊತ್ತಲ್ಲಿ ಜೀವ ಕಳ್ಕೊಂಡು ಸೆಟೆದುಕೊಳ್ತು, ಯಾವ ಹೊತ್ತಲ್ಲಿ ಬ್ಲೆಂಡರ್ ಕೈಗೆ ಬಂತು, ಎಷ್ಟು ಹೊತ್ತು ಒಂದೇ ಕಣ್ಣಿನ ಸುತ್ತ ತಿರುಗ್ತಾ ಇತ್ತು ಅನ್ನೋದು ಕಣ್ಣಿಗೆ ಕಾಣುತ್ತೆ. ಸೇವ್ ಇನ್ಕ್ರಿಮೆಂಟಲ್ ವರ್ಷನ್ ಅಂತ ಇನ್ನೊಂದಿದೆ, ಒತ್ತಿದಾಗೆಲ್ಲ ಹೊಸ ನಂಬರ್ ಹಾಕಿ ಬೇರೆ ಫೈಲ್ ಇಡುತ್ತೆ, ಬಣ್ಣಕ್ಕೆ ಹೋಗೋ ಮುಂಚೆ ಒಂದ್ಸಲ, ಅಂಚು ಮೆತ್ತಗೆ ಮಾಡೋ ಮುಂಚೆ ಒಂದ್ಸಲ ಒತ್ತಿಟ್ಕೊಳ್ಳಿ.

ಯಾರಿಗೆ ಬೇಡ ಅಂದ್ರೆ, ಬರೀ ಫೋನ್ ಇರೋರಿಗೆ. ಆಂಡ್ರಾಯ್ಡ್‌ಗೆ ಬಂದಿದೆ, ಆದ್ರೆ ಅದು ಟ್ಯಾಬ್ಲೆಟ್‌ಗೂ ಕ್ರೋಮ್‌ಬುಕ್‌ಗೂ ಅಂತ ಮಾಡಿರೋದು, ಕಂಪ್ಯೂಟರ್‌ನ ಅದೇ ಮೆನು ಅದೇ ಡಾಕರ್‌ಗಳು ಚಿಕ್ಕ ಸ್ಕ್ರೀನ್ ಮೇಲೆ ಬಂದಿರುತ್ತೆ, ಬೆರಳಲ್ಲಿ ಒತ್ತೋಕೆ ಕಷ್ಟ. ಐಪ್ಯಾಡ್ ಇರೋರಿಗೂ ಇದು ಸಿಗಲ್ಲ, ಅವರು ಬೇರೆ ನೋಡ್ಕೋಬೇಕು. ಪೋಸ್ಟರ್ ಮೇಲೆ ಅಕ್ಷರ ಹಾಕೋ ಕೆಲಸವೇ ಜಾಸ್ತಿ ಇರೋರಿಗೂ ಇದು ಸರಿ ಹೋಗಲ್ಲ, ಟೆಕ್ಸ್ಟ್ ಟೂಲ್ ಅಷ್ಟು ಸಲೀಸಲ್ಲ. ಕಂಪ್ಯೂಟರ್, ಒಂದು ಪೆನ್ ಟ್ಯಾಬ್ಲೆಟ್ ಇದ್ದು ಮುಖ ಪೇಂಟ್ ಮಾಡೋದೇ ಆಸೆ ಅನ್ನೋರು ಬೇರೇನೂ ಯೋಚನೆ ಮಾಡದೇ ಇಳಿಸ್ಕೊಳ್ಳಿ. ಬೇಸಿಕ್-5 ಸೈಜ್ ಒಪಾಸಿಟಿ ತಗೊಳ್ಳಿ, ಒಂದು ಕಡೆಯಿಂದ ಬೆಳಕು ಬಿದ್ದಿರೋ ಫೋಟೋ ಪಕ್ಕಕ್ಕೆ ಎಳೆದು ಹಾಕಿ, ಬೂದು ಬಣ್ಣದಲ್ಲಿ ನೆರಳಿನ ಆಕಾರದಿಂದ ಶುರು ಮಾಡಿ.